ಸಿಂದಗಿಗೂ ಸಂಡಿಗೆಗೂ ಒಂದೇ ನಂಬರು

ನಮ್ಮೂರಿನ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕೆಂಬ ಬಗ್ಗೆ ನಮ್ಮೂರಿನಲ್ಲಿಯೇ ಒಮ್ಮತವಿಲ್ಲ. ಎಸ್-ಐ-ಎನ್-ಡಿ-ಜಿ-ಐ ಎಂದು ಆರೇ ಅಕ್ಷರಗಳಲ್ಲಿ ಮುಗಿಸುವವರದು ಒಂದು ಪಂಗಡ. ಡಿ ಮತ್ತು ಜಿ ನಡುವೆ ಒಂದು ಎ ಇಡದಿದ್ದರೆ ಅದು ಸಿಂದಗಿಯೇ ಅಲ್ಲ ಎನ್ನುವವರದು ಇನ್ನೊಂದು. ‘ದ’ ಹೋಗಿ ‘ಡ’ ಆಗಿಬಿಡಬಾರದೆಂದು ಡಿ ಪಕ್ಕಕ್ಕೆ ಎಚ್ ಕೂಡಿಸುವ ಸೂಕ್ಷ್ಮಮತಿಗಳದು ಮೂರನೆಯದು. ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಅಂಗಡಿ ಬೋರ್ಡುಗಳಲ್ಲಿ ಮೂರೂ ಮತಗಳ ದರ್ಶನವಾಗುತ್ತದೆ. ಇದರಿಂದ ಊರಿನಲ್ಲಿ ಯಾರಿಗೂ ತೊಂದರೆಯಾದದ್ದಿಲ್ಲ. ತೊಂದರೆಯಾಗುವುದು ಕಂಪ್ಯೂಟರಿಗೆ.

ಬೆಂಗಳೂರಿನಲ್ಲಿ ಕೂತು ಊರಿನ ಬಸ್ಸಿಗೆ ಸೀಟು ಹುಡುಕುವಾಗ ಇದು ಅನುಭವಕ್ಕೆ ಬರುತ್ತದೆ. ಒಂದು ಕಡೆ ಎ ಹಾಕಿದರೆ ಊರು ಸಿಗುತ್ತದೆ. ಇನ್ನೊಂದು ಕಡೆ ಎ ತೆಗೆದರೆ ಮಾತ್ರ ಸಿಗುತ್ತದೆ. ಕಾಗುಣಿತ ಹೊಂದದಿದ್ದರೆ ‘ಇಂಥ ಊರಿಲ್ಲ’ ಎಂಬ ಉತ್ತರ. ಒಂದಿಡೀ ತಾಲ್ಲೂಕು ಕೇಂದ್ರವನ್ನು ಇಲ್ಲವೆಂದುಬಿಡುವ ಧೈರ್ಯ ಯಂತ್ರಕ್ಕಲ್ಲದೆ ಯಾರಿಗೆ ಬಂದೀತು? ರೈಲಿನ ಮಾತು ಬೇರೆ. ಸಿಂದಗಿಗೆ ರೈಲೇ ಇಲ್ಲವಾದ್ದರಿಂದ ಆ ಕಡೆಯ ಪಟ್ಟಿಯಲ್ಲಿ ಹುಡುಕುವ ಶ್ರಮವೂ ಇಲ್ಲ. ಗೋಲಗುಂಬಜ ಎಕ್ಸ್‌ಪ್ರೆಸ್ಸಿನಲ್ಲಿ ಬಂದವರೂ ವಿಜಯಪುರದಲ್ಲಿ ಇಳಿದು, ಕಣ್ಣುಜ್ಜಿಕೊಂಡು, ಚಹಾ ಕುಡಿದು, ಸುಮಾರು ಅರವತ್ತು ಕಿಲೋಮೀಟರು ಬಸ್ಸಿನಲ್ಲೇ ಬರಬೇಕು. ಆ ಬಸ್ಸಿನ ಹೆಸರಿನದೂ ಒಂದು ಕತೆ. 2000ನೇ ಇಸವಿಯಲ್ಲಿ ಈಶಾನ್ಯ ಕರ್ನಾಟಕ ಸಾರಿಗೆ ಎಂದು ಬೇರೆಯಾದದ್ದು 2021ರಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆ ಆಯಿತು. ಅದೇ ವರ್ಷ ಮುಂಬಯಿ ಕರ್ನಾಟಕಕ್ಕೆ ಕಿತ್ತೂರು ಕರ್ನಾಟಕ ಎಂದು ಹೆಸರಿಟ್ಟರು. ಹೀಗಾಗಿ ನಮ್ಮ ಜಿಲ್ಲೆ ಇರುವುದು ಕಿತ್ತೂರು ಕರ್ನಾಟಕದಲ್ಲಿ, ಓಡಾಡುವುದು ಕಲ್ಯಾಣ ಕರ್ನಾಟಕದ ಬಸ್ಸಿನಲ್ಲಿ.

ವಿಜಯಪುರ ಎಂದೆನಲ್ಲ, ಅದರ ಬಗ್ಗೆಯೂ ಎರಡು ಮಾತು ಹೇಳಬೇಕು. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಹೆಸರು ಬದಲಾದವು. ಹೆಚ್ಚಿನವು ಬೆಂಗಳೂರು, ಮೈಸೂರಿನಂತೆ ನಾವು ಮೊದಲಿನಿಂದಲೂ ಕನ್ನಡದಲ್ಲಿ ಅನ್ನುತ್ತಿದ್ದದ್ದನ್ನೇ ಇಂಗ್ಲಿಷಿನವರೂ ಅನ್ನಲಿ ಎಂಬಂಥವು. ಬಿಜಾಪುರದ್ದು ಹಾಗಲ್ಲ, ಅದು ಕನ್ನಡದಲ್ಲೂ ಬದಲಾಯಿತು. ಆದರೆ ದೇವನಹಳ್ಳಿಯ ಪಕ್ಕ, ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ, ಒಂದು ವಿಜಯಪುರ ಮೊದಲೇ ಇತ್ತಲ್ಲ! ಈಗ ಎರಡಾದವು. ಬೆಂಗಳೂರಿನ ಕೊರಿಯರ್ ಹುಡುಗರಿಗೆ ‘ವಿಜಯಪುರ’ ಎಂದರೆ ಒಂದೂವರೆ ತಾಸಿನ ದಾರಿ, ನಮಗೆ ಒಂದು ರಾತ್ರಿಯ ದಾರಿ. ಇದು ಯಾರ ತಪ್ಪೂ ಅಲ್ಲ. ವಿಜಯವನ್ನು ಯಾವ ಊರು ಬೇಡವೆಂದೀತು?

ಇಂಥ ಗೊಂದಲಗಳಿಗೆ ಮದ್ದು ಕಂಡುಹಿಡಿದವರು ಅಂಚೆಯವರು. 1972ರ ಆಗಸ್ಟ್ 15ರಂದು ದೇಶಕ್ಕೆ ಪಿನ್‌ಕೋಡ್ ಬಂತು. ಅದನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್ ಎಂಬ ಅಧಿಕಾರಿ. ಒಂದೇ ಹೆಸರಿನ ಊರುಗಳು, ಹಲವು ಭಾಷೆ, ಹಲವು ಲಿಪಿ, ಹಲವು ಬಗೆಯ ಕಾಗುಣಿತ. ಇವೆಲ್ಲದರ ನಡುವೆ ಕಾಗದ ಹಂಚುವವನ ಕಷ್ಟ ನೋಡಿ, ಹೆಸರು ಹೇಗಾದರೂ ಬರೆದುಕೊಳ್ಳಿ, ಆರು ಅಂಕಿ ಸರಿಯಾಗಿ ಹಾಕಿ ಎಂದರು. 586 ಎಂದು ಶುರುವಾದರೆ ನಮ್ಮ ಜಿಲ್ಲೆ, 562 ಎಂದರೆ ದೇವನಹಳ್ಳಿಯ ಕಡೆ. ಊರುಗಳಿಗೆ ಇದು ಸರಿಹೋಯಿತು, ಏಕೆಂದರೆ ಊರು ಎದ್ದು ಓಡಾಡುವುದಿಲ್ಲ, ಮದುವೆಯಾಗಿ ಅಡ್ಡಹೆಸರು ಬದಲಿಸುವುದಿಲ್ಲ, ಸಾಲ ಕೇಳುವುದಿಲ್ಲ. ಮನುಷ್ಯರ ವಿಷಯವೇ ಬೇರೆ.

ಹೆಸರನ್ನು ಅಂಕಿಯಾಗಿಸುವ ಪ್ರಯತ್ನ ಮನುಷ್ಯರ ಮೇಲೂ ನಡೆದಿದೆ, ಅದೂ ಕಂಪ್ಯೂಟರ್ ಹುಟ್ಟುವ ಮೊದಲೇ. ಅಮೆರಿಕದಲ್ಲಿ ರಸೆಲ್ ಎಂಬಾತ 1918ರಲ್ಲಿ ಸೌಂಡೆಕ್ಸ್ ಎಂಬ ವಿಧಾನಕ್ಕೆ ಪೇಟೆಂಟ್ ಪಡೆದ. ಹೆಸರಿನ ಮೊದಲ ಅಕ್ಷರವನ್ನು ಹಾಗೆಯೇ ಉಳಿಸಿಕೊಳ್ಳುವುದು, ಸ್ವರಗಳನ್ನೆಲ್ಲ ಕಿತ್ತೊಗೆಯುವುದು, ಉಳಿದ ವ್ಯಂಜನಗಳಿಗೆ ಒಂದೇ ತರಹ ಕೇಳಿಸುವವಕ್ಕೆ ಒಂದೇ ಅಂಕಿಯಂತೆ ನಂಬರು ಕೊಡುವುದು. ಒಂದಕ್ಷರ ಮೂರಂಕಿ ಬಂದರೆ ಸಾಕು. ದೇಶದೇಶಗಳಿಂದ ವಲಸೆ ಬಂದವರ ಹೆಸರನ್ನು ಜನಗಣತಿಯ ಗುಮಾಸ್ತರು ಬಾಯಿಗೆ ಬಂದಂತೆ ಬರೆದಿದ್ದರಲ್ಲ, ಆ ಗಣತಿಯ ಹಾಳೆಗಳಿಗೆ 1930ರ ದಶಕದಲ್ಲಿ ಈ ವಿಧಾನದಿಂದಲೇ ಸೂಚಿ ತಯಾರಿಸಿದರು. ಇಂದಿಗೂ ಎಷ್ಟೋ ಡೇಟಾಬೇಸುಗಳಲ್ಲಿ ಇದು ಕೂತಲ್ಲೇ ಕೂತಿದೆ.

ಒಂದು ಭಾನುವಾರ ಕೆಲಸವಿಲ್ಲದೆ ನಮ್ಮೂರನ್ನು ಅದಕ್ಕೆ ತಿನ್ನಿಸಿ ನೋಡಿದೆ. ಎ ಇಲ್ಲದ ಸಿಂದಗಿ, ಎ ಇರುವ ಸಿಂದಗಿ, ಎಚ್ ಸೇರಿದ ಸಿಂದಗಿ. ಮೂರಕ್ಕೂ ಬಂದದ್ದು ಎಸ್-532. ಎಂಥ ಸಮಾಧಾನವಾಯಿತೆಂದರೆ, ಊರಿನ ಮೂರು ಪಂಗಡಗಳನ್ನು ನೂರು ವರ್ಷದ ಹಿಂದಿನ ಅಮೆರಿಕದವನೊಬ್ಬ ಒಂದು ಮಾಡಿದ್ದ. ಅದೇ ಹುಮ್ಮಸ್ಸಿನಲ್ಲಿ ಅಡುಗೆಮನೆಯಿಂದ ಬರುತ್ತಿದ್ದ ವಾಸನೆಯನ್ನೂ ತಿನ್ನಿಸಿದೆ. ಸಂಡಿಗೆ. ಅದೂ ಎಸ್-532! ಯಂತ್ರದ ಕಿವಿಗೆ ನಮ್ಮ ತಾಲ್ಲೂಕೂ ಸಂಡಿಗೆಯೂ ಒಂದೇ. ಬೇಸಿಗೆಯಲ್ಲಿ ನಮ್ಮೂರಿನ ಬಿಸಿಲು ನೋಡಿದವರು ಇದನ್ನು ಪೂರ್ತಿ ತಪ್ಪು ಎನ್ನಲಾರರು.

ತಮಾಷೆ ಇರಲಿ. ಆ ವಿಧಾನ ಕೈಕೊಡುವುದು ನಮ್ಮವರ ಹೆಸರುಗಳಲ್ಲಿ. ಬಸಪ್ಪ, ಬಸವಪ್ಪ ಇಬ್ಬರೂ ಒಬ್ಬನೇ ಎಂದು ನಮ್ಮ ಕಡೆಯ ಕೂಸಿಗೂ ಗೊತ್ತು. ಸೌಂಡೆಕ್ಸಿಗೆ ಅವರು ಬೇರೆ ಬೇರೆ, ನಡುವೆ ಒಂದು ‘ವ’ ಬಂದು ಅಂಕಿ ಕೆಡಿಸುತ್ತದೆ. ಇನ್ನು ವೀರಪ್ಪ ನಮ್ಮ ಬಾಯಲ್ಲಿ ಈರಪ್ಪ, ವೀರಭದ್ರ ಈರಭದ್ರ. ಮೊದಲ ಅಕ್ಷರವೇ ಹಾರಿಹೋಗುತ್ತದೆ. ಮೊದಲ ಅಕ್ಷರವನ್ನು ದೇವರಂತೆ ನಂಬಿದ ವಿಧಾನಕ್ಕೆ ಇವರಿಬ್ಬರೂ ಒಬ್ಬರನ್ನೊಬ್ಬರು ಕಂಡೇ ಇಲ್ಲ.

ಈರಪ್ಪನ ಉದಾಹರಣೆ ಸುಮ್ಮನೆ ಕೊಟ್ಟದ್ದಲ್ಲ. 2024ರ ಬೇಸಿಗೆಯಲ್ಲಿ ವಿಜಯಪುರದಿಂದ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಒಬ್ಬ ಹಿರಿಯರು ಕೂತಿದ್ದರು. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ, ಅದರೊಳಗೆ ಝೆರಾಕ್ಸ್ ಕಾಗದಗಳ ಕಟ್ಟು. ಸ್ವಲ್ಪ ಹೊತ್ತಿಗೆ ಮಾತು ಶುರುವಾಯಿತು.

“ಏನ್ ನೌಕರಿ ಮಾಡ್ತಿ ತಮ್ಮಾ?”

“ಬೆಂಗಳೂರಾಗ ಕಂಪ್ಯೂಟರ್ ಕೆಲಸ ಮುತ್ಯಾ.”

“ಹಂಗಾರ ಇವನ್ನಟು ನೋಡು. ಉತಾರದಾಗ ಈರಪ್ಪ ಅದೀನಿ. ಆಧಾರದಾಗ ವೀರಪ್ಪ ಅಂತ ಬಂದೈತಿ. ಬ್ಯಾಂಕಿನ್ಯಾಗ ಈರಣ್ಣ. ಹುಟ್ಟಿದಾಂವ ಒಬ್ಬ, ಕಾಗದದಾಗ ಮೂರು ಮಂದಿ ಆಗೀನಿ. ಮೂರು ಮಂದ್ಯಾಗ ಒಬ್ಬನಿಗೂ ರೊಕ್ಕ ಬರವಲ್ದು.”

ರೊಕ್ಕವೆಂದರೆ ಬರ ಪರಿಹಾರದ್ದು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದ್ದರು. ಪರಿಹಾರ ಫ್ರೂಟ್ಸ್ ಎಂಬ ರೈತರ ದಾಖಲೆಯ ಆಧಾರದ ಮೇಲೆ ನೇರ ಬ್ಯಾಂಕ್ ಖಾತೆಗೆ ಜಮಾ ಆಗುತ್ತಿತ್ತು. ಅದರ ಮಟ್ಟಿಗೆ ವ್ಯವಸ್ಥೆ ಒಳ್ಳೆಯದೇ, ನಡುವಿನವರ ಕೈ ತಪ್ಪಿತು. ಆದರೆ ಹೊಲ ಯಾರದು, ಮನುಷ್ಯ ಯಾರು, ಖಾತೆ ಯಾರದು ಎಂಬ ಮೂರು ಪ್ರಶ್ನೆಗೆ ಮೂರು ಕಡೆಯಿಂದ ಒಂದೇ ಉತ್ತರ ಬರಬೇಕು.

“ಎರಡೂ ಹೆಸರಿನಾವ ಒಬ್ನ ಅಂತ ಅಫಿಡವಿಟ್ ಮಾಡಿಸ್ಕೊಂಡ್ ಬಾ ಅಂದ್ರು,” ಎಂದು ಹಿರಿಯರು ಇನ್ನೊಂದು ಕಾಗದ ತೆಗೆದರು. “ಮಾಡಿಸೀನಿ. ಟೈಪ್ ಹೊಡಿಯಾಂವ ಅದರಾಗ ವಿರಪ್ಪ ಅಂತ ಹೊಡದಾನ. ಈಗ ನಾಕು ಮಂದಿ.”

ಬಸ್ಸಿನಲ್ಲಿದ್ದವರೆಲ್ಲ ನಕ್ಕರು, ಹಿರಿಯರೂ ನಕ್ಕರು. ಆದರೆ ಆ ಕಾಗದಗಳನ್ನು ಮತ್ತೆ ಮಡಿಚಿ ಚೀಲಕ್ಕೆ ಹಾಕುವಾಗ ಅವರ ಕೈ ನಿಧಾನವಾಗಿತ್ತು. ತೊಗರಿ ಹೋಗಿತ್ತು, ಜೋಳ ಮೊಣಕಾಲಿನವರೆಗೂ ಬಂದಿರಲಿಲ್ಲವಂತೆ. ಓಡಾಟದ ಖರ್ಚು, ಝೆರಾಕ್ಸು, ಬಾಂಡ್ ಪೇಪರು ಎಂದು ಬರಬೇಕಾದ ರೊಕ್ಕದ ಒಂದು ಪಾಲು ಆಗಲೇ ಕರಗಿತ್ತು. ಅವರು ದೇವರಹಿಪ್ಪರಗಿಯಲ್ಲಿ ಇಳಿದರು. ಮೊದಲಾಗಿದ್ದರೆ ಕಚೇರಿಗೆಂದು ಸಿಂದಗಿಯವರೆಗೂ ಬರಬೇಕಿತ್ತು. ಈಗ ಅದು ಬೇರೆ ತಾಲ್ಲೂಕು.

ಒಬ್ಬ ಮನುಷ್ಯ ನಾಲ್ವರಾಗುವುದು ಹೇಗೆ? ಯಾರೋ ಕೆಟ್ಟವರಿಂದ ಆಗುವುದಲ್ಲ. ಒಂದೊಂದು ಮೆಟ್ಟಿಲಲ್ಲೂ ಒಬ್ಬೊಬ್ಬರು ತಮ್ಮ ಕೆಲಸ ಮಾಡುತ್ತ ಹೋದುದರಿಂದಲೇ ಆಗುತ್ತದೆ. ಹಿಂದೆ ಉತಾರ ಬರೆಯುತ್ತಿದ್ದವರು ತಲಾಠಿಗಳು. ಅವರು ಜನ ಕರೆದಂತೆ ಹೆಸರು ಬರೆದರು, ಅದಕ್ಕೇ ಅಲ್ಲಿ ಈರಪ್ಪ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂತು. ಕರ್ನಾಟಕದ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು, ನಮ್ಮ ಕಡೆಯ ಮಾತಿನಲ್ಲಿ ಉತಾರಗಳನ್ನು, ಕಂಪ್ಯೂಟರಿಗೆ ಏರಿಸಿದರು. ಹದಿನೈದು ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲಿ ಅಚ್ಚಾದ ಉತಾರ ಕೈಗೆ ಬಂತು, ಕೈಬರಹದ್ದಕ್ಕೆ ಬೆಲೆಯಿಲ್ಲದಾಯಿತು. ಒಂದು ಕಾಗದಕ್ಕಾಗಿ ಅದೆಷ್ಟು ಸಲ ಎಡತಾಕಬೇಕಿತ್ತೆಂಬುದನ್ನು ಕಂಡವರಿಗೆ ಇದು ಸಣ್ಣ ಕ್ರಾಂತಿಯಲ್ಲ. ದೇಶವಿದೇಶಗಳ ಜನ ಇದನ್ನು ನೋಡಿ ಹೋದರು. ಆದರೆ ಮಾಸಿದ ಕೈಬರಹ ಓದಿ ಎರಡು ಕೋಟಿ ದಾಖಲೆ ಟೈಪು ಮಾಡಿದಾಗ ‘ಸಿದ್ದಪ್ಪ’ನಿಗೆ ಮಹಾಪ್ರಾಣ ಬರುವುದು, ‘ಶ’ ಹೋಗಿ ‘ಸ’ ಆಗುವುದು ನಡೆದೇ ನಡೆಯುತ್ತದೆ.

ಆಧಾರದ್ದು ತದ್ವಿರುದ್ಧ ದಾರಿ. ಅಲ್ಲಿ ಹೆಸರನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿದರೆ ಯಂತ್ರವೇ ಕನ್ನಡಕ್ಕೆ ತಿರುಗಿಸಿ ತೋರಿಸುತ್ತದೆ. ಸರಿಯಿಲ್ಲದಿದ್ದರೆ ಆಪರೇಟರು ತಿದ್ದಬೇಕು. ಹಿಂದೆ ಉದ್ದನೆಯ ಪಾಳಿ ನಿಂತಿರುವಾಗ ಎಷ್ಟು ತಿದ್ದಿಯಾನು? ಇಂಗ್ಲಿಷಿಗೆ ಲ-ಳ ಭೇದವಿಲ್ಲ, ದ-ಡ ಭೇದವಿಲ್ಲ. ಕಾಳಪ್ಪ ಆ ಕಡೆ ಹೋಗಿ ಈ ಕಡೆ ಬರುವಷ್ಟರಲ್ಲಿ ಕಲಪ್ಪನಾಗಿರುತ್ತಾನೆ. ಒಂದು ಹೆಸರು ತನ್ನದಲ್ಲದ ಲಿಪಿಗೆ ಹೋಗಿ ಮತ್ತೆ ತನ್ನ ಲಿಪಿಗೇ ಮರಳುವುದು, ತವರಿನಿಂದ ಹೋದ ಪಾತ್ರೆ ನಾಲ್ಕು ಮನೆ ಸುತ್ತಿ ಬಂದಂತೆ. ಬರುತ್ತದೆ, ಆದರೆ ತಗ್ಗು ಬಿದ್ದಿರುತ್ತದೆ. ಮೇಲಾಗಿ, ಆಧಾರದಲ್ಲಿ ಹೆಸರು ತಿದ್ದಿಸಲು ಸಾಮಾನ್ಯವಾಗಿ ಜೀವಮಾನದಲ್ಲಿ ಎರಡೇ ಸಲ ಅವಕಾಶ.

ಇನ್ನೊಂದು ತಮಾಷೆ ಕೇಳಿ. ಕಣ್ಣಿಗೆ ಏನೂ ಕಾಣದ ವ್ಯತ್ಯಾಸವೂ ಯಂತ್ರಕ್ಕೆ ಕಾಣುತ್ತದೆ. ಕನ್ನಡದ ಅನುಸ್ವಾರವೂ ಸೊನ್ನೆ, ಕನ್ನಡದ ಅಂಕಿ ಸೊನ್ನೆಯೂ ಸೊನ್ನೆ. ಟೈಪು ಮಾಡುವವನು ಅವಸರದಲ್ಲಿ ಒಂದರ ಬದಲು ಇನ್ನೊಂದನ್ನು ಒತ್ತಿದರೆ ‘ಸಿ೦ದಗಿ’ ಆಗುತ್ತದೆ. ಮೇಲೆ ನಾನು ಬರೆದ ಸಿಂದಗಿಗೂ ಇದಕ್ಕೂ ಏನು ವ್ಯತ್ಯಾಸ ಎನ್ನುತ್ತೀರಾ? ಈ ಎರಡನೆಯದರಲ್ಲಿರುವುದು ಅಂಕಿ. ಯೂನಿಕೋಡಿನಲ್ಲಿ ಎರಡಕ್ಕೂ ಬೇರೆ ಬೇರೆ ಸ್ಥಾನವಿದೆ. ಹುಡುಕುವ ಯಂತ್ರಕ್ಕೆ ಒಂದು ಊರು, ಇನ್ನೊಂದು ನಡುವೆ ಲೆಕ್ಕ ಸೇರಿಕೊಂಡ ಅಪಶಬ್ದ. ಹೆಸರಿನಲ್ಲೇ ಸೊನ್ನೆ ಇಟ್ಟುಕೊಂಡ ಶಂಕರಪ್ಪ, ಲಿಂಗಪ್ಪ, ಗಂಗವ್ವಂದಿರಿಗೆಲ್ಲ ಈ ಗಂಡಾಂತರ ತಪ್ಪಿದ್ದಲ್ಲ.

ಹಳ್ಳಿಯವರಿಗೆ ಮಾತ್ರ ಈ ಪಾಡು ಎಂದುಕೊಳ್ಳಬೇಡಿ. ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಹಳೆ ಮೈಸೂರಿನ ಕಡೆಯವರು ಅನೇಕರಿದ್ದಾರೆ. ಅವರಿಗೆ ಅಡ್ಡಹೆಸರಿನ ಗೊಡವೆಯಿಲ್ಲ, ಊರಿನದೊಂದು, ಅಪ್ಪನದೊಂದು ಇನಿಷಿಯಲ್ಲು, ಆಮೇಲೆ ಹೆಸರು, ಮುಗಿಯಿತು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದವರು ಅದನ್ನು ಅಡ್ಡಹೆಸರಿನ ಜಾಗಕ್ಕೆ ತಳ್ಳಿ, ಖಾಲಿ ಉಳಿದ ಜಾಗದಲ್ಲಿ ಎಫ್‌ಎನ್‌ಯು ಎಂದು ಹಾಕುತ್ತಾರೆ. ಮೊದಲ ಹೆಸರು ತಿಳಿದಿಲ್ಲ ಎಂದು ಅದರ ಅರ್ಥ. ಹೀಗಾಗಿ ಅಲ್ಲಿಯ ಬ್ಯಾಂಕಿನವರು ನಮ್ಮ ಸಹೋದ್ಯೋಗಿಯೊಬ್ಬನಿಗೆ ‘ಪ್ರೀತಿಯ ಫ್ನು’ ಎಂದು ಕಾಗದ ಬರೆಯುತ್ತಿದ್ದರು. 2022ರ ನವೆಂಬರಿನಲ್ಲಿ ಅರಬ್ ಎಮಿರೇಟ್ಸಿನವರು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗಳನ್ನು ಒಳಗೇ ಬಿಡುವುದಿಲ್ಲ ಎಂದರು. ಜಪಾನಿನಲ್ಲಿದ್ದ ಪ್ಯಾಟ್ರಿಕ್ ಮೆಕೆನ್ಝಿ ಎಂಬ ಅಮೆರಿಕದ ಪ್ರೋಗ್ರಾಮರ್, ಹೆಸರುಗಳ ಬಗ್ಗೆ ಪ್ರೋಗ್ರಾಮರುಗಳು ನಂಬುವ ನಲವತ್ತು ಸುಳ್ಳುಗಳ ಪಟ್ಟಿಯನ್ನು 2010ರಲ್ಲಿ ಬರೆದ. ಆ ಪಟ್ಟಿ ನಮ್ಮ ಕಸುಬಿನವರಲ್ಲಿ ಪ್ರಸಿದ್ಧ. ಎಲ್ಲರೂ ಓದಿ ತಲೆದೂಗುತ್ತಾರೆ. ಮಾರನೆಯ ದಿನ ಮತ್ತೆ ಮೂರು ಚೌಕ ಬರೆದು ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು ಎಂದು ಫಾರ್ಮು ಮಾಡುತ್ತಾರೆ.

ನಮ್ಮ ಕಡೆ ಅಡ್ಡಹೆಸರೇನೋ ಇದೆ, ಆದರೆ ಅದೂ ಸರಳವಲ್ಲ. ಊರೇ ಅಡ್ಡಹೆಸರಾಗುತ್ತದೆ, ಅದೂ ತಾವಿರುವ ಊರಲ್ಲ, ಬಿಟ್ಟುಬಂದ ಊರು. ಸಿಂದಗಿ ಎಂಬ ಅಡ್ಡಹೆಸರಿನವರನ್ನು ಬೇರೆಲ್ಲಾದರೂ ಹುಡುಕಬೇಕು, ಸಿಂದಗಿಯಲ್ಲಲ್ಲ. ದೊಡ್ಡ ಉದಾಹರಣೆ ನಮ್ಮ ತಾಲ್ಲೂಕಿನವರೇ ಆದ ಎಂ. ಎಂ. ಕಲಬುರ್ಗಿಯವರು. ಅವರು 1938ರಲ್ಲಿ ಹುಟ್ಟಿದ್ದು ಸಿಂದಗಿ ತಾಲ್ಲೂಕಿನ ಗುಬ್ಬೇವಾಡದಲ್ಲಿ, ಅಡ್ಡಹೆಸರು ಮಾತ್ರ ಪಕ್ಕದ ಜಿಲ್ಲೆಯದು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆ ಬಾಗಿಲಲ್ಲಿ ಗುಂಡಿಗೆ ಬಲಿಯಾದ ಆ ವಿದ್ವಾಂಸರ ಬಗ್ಗೆ ಈ ಅಂಕಣದಲ್ಲಿ ಬರೆಯಲು ನನಗೆ ಯೋಗ್ಯತೆಯಿಲ್ಲ. ಆದರೆ ಒಂದು ಮಾತು ಹೇಳದಿರಲಾರೆ. ಅವರು ‘ಕನ್ನಡ ಗ್ರಂಥಸಂಪಾದನ ಶಾಸ್ತ್ರ’ ಬರೆದವರು, 1993ರಲ್ಲಿ ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕರು. ಓಲೆಗರಿಗಳ ಒಂದೊಂದು ಪ್ರತಿಯಲ್ಲಿ ಒಂದೊಂದು ತರಹ ಇರುವ ಶಬ್ದಗಳನ್ನು ಎದುರಿಗಿಟ್ಟುಕೊಂಡು, ಇದು ಲಿಪಿಕಾರನ ಕೈತಪ್ಪು, ಇದು ಆಡುಮಾತಿನ ರೂಪ, ಇದು ನಿಜವಾಗಿಯೂ ಬೇರೆ ಶಬ್ದ ಎಂದು ವಿಂಗಡಿಸುವುದು ಆ ಶಾಸ್ತ್ರ. ಪಾಠಭೇದ ಎನ್ನುತ್ತಾರೆ. ನಮ್ಮ ಕಸುಬಿನವರು ‘ಡೇಟಾ ಕ್ಲೀನಿಂಗ್’ ಎಂದು ಸಂಬಳ ತೆಗೆದುಕೊಳ್ಳುವುದು ಇದೇ ಕೆಲಸಕ್ಕೆ. ಒಂದೇ ವ್ಯತ್ಯಾಸ. ಗ್ರಂಥ ಸಂಪಾದಕ ತಾನು ಬಿಟ್ಟ ಪಾಠವನ್ನು ಎಸೆಯುವುದಿಲ್ಲ, ಪುಟದ ಕೆಳಗೆ ಅಡಿಟಿಪ್ಪಣಿಯಲ್ಲಿ ಇಟ್ಟಿರುತ್ತಾನೆ. ನಾಳೆ ಇನ್ನೊಬ್ಬ ಬಂದು ಅದೇ ಸರಿ ಎನ್ನಬಹುದಲ್ಲ. ನಾವು ಅಳಿಸಿಬಿಡುತ್ತೇವೆ.

ಹಾಗಾದರೆ ಕಂಪ್ಯೂಟರಿನವರು ಸ್ವಲ್ಪ ಸಡಿಲ ಬಿಡಬಾರದೇ, ಒಂದೆರಡು ಅಕ್ಷರ ಹೆಚ್ಚುಕಮ್ಮಿಯಾದರೆ ಏನು ಮಹಾ, ಎಂದು ಊರಿಗೆ ಹೋದಾಗಲೆಲ್ಲ ಕೇಳುತ್ತಾರೆ. ಒಂದು ಶಬ್ದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಬದಲಿಸಬೇಕೆಂದು ಎಣಿಸುವ ಲೆಕ್ಕವನ್ನು ರಷ್ಯದ ಲೆವೆನ್‌ಸ್ಟೈನ್ 1965ರಲ್ಲೇ ಕೊಟ್ಟಿದ್ದಾನೆ. ಬಿಡಬಹುದು. ಆದರೆ ಬಿಟ್ಟರೆ ಏನಾಗುತ್ತದೆಂದು ನಮ್ಮ ಹಳ್ಳಿಗಳಲ್ಲಿ ನಿಂತು ಯೋಚಿಸಬೇಕು. ಒಂದೇ ಊರಿನಲ್ಲಿ ಐದು ಮಂದಿ ಮಲ್ಲಪ್ಪ ಬಿರಾದಾರರು ಇರುತ್ತಾರೆ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿ ಬೇರೆ. ಹೀಗಿರುವಾಗ ಈರಪ್ಪ, ಈರಣ್ಣ ಇಬ್ಬರೂ ಒಬ್ಬನೇ ಎಂದು ಯಂತ್ರ ತೀರ್ಮಾನಿಸಿದರೆ, ಅವರಿಬ್ಬರು ನಿಜವಾಗಿಯೂ ಅಣ್ಣತಮ್ಮಂದಿರಾಗಿದ್ದು ಹೊಲಕ್ಕಾಗಿ ಕೋರ್ಟಿನಲ್ಲಿದ್ದರೆ? ಬಿಗಿ ಮಾಡಿದರೆ ಹೊಲವಿದ್ದವನಿಗೆ ರೊಕ್ಕ ಬರುವುದಿಲ್ಲ, ಸಡಿಲ ಮಾಡಿದರೆ ಇಲ್ಲದವನಿಗೆ ಹೊಲವೇ ಬಂದೀತು. ಎರಡರ ನಡುವೆ ಗೆರೆ ಎಳೆಯುವವನು ಎಲ್ಲೋ ಹವಾನಿಯಂತ್ರಿತ ಕೋಣೆಯಲ್ಲಿ ಕೂತ ನನ್ನಂಥವನು. ಗೆರೆಯ ಆ ಕಡೆ ಬಿದ್ದವನು ಬಿಸಿಲಿನಲ್ಲಿ ಬಸ್ಸು ಹಿಡಿಯಬೇಕು. ಬಿಗಿಯಾಗಿರಲಿ ಎಂಬುದು ನನ್ನ ಮತವೂ ಹೌದು. ಆದರೆ ಹೊಂದಲಿಲ್ಲ ಎಂದಾಗ ಅದನ್ನು ಹೊಂದಿಸುವ ಕೆಲಸ ರೈತನದೇ ಏಕಾಗಬೇಕು? ಹೊಂದದ ಹೆಸರುಗಳ ಪಟ್ಟಿ ಯಂತ್ರದಲ್ಲೇ ಇರುತ್ತದೆ. ಅದನ್ನು ಹಳ್ಳಿವಾರು ಅಚ್ಚು ಹಾಕಿ, ಗ್ರಾಮ ಆಡಳಿತಾಧಿಕಾರಿಯ ಕೈಗೆ ಕೊಟ್ಟು, ಚಾವಡಿಯಲ್ಲಿ ನಾಲ್ಕು ಜನರೆದುರು ಓದಿಸಿದರೆ ಒಂದು ಮಧ್ಯಾಹ್ನದಲ್ಲಿ ಊರಿನ ಅರ್ಧ ಈರಪ್ಪಂದಿರು ಇತ್ಯರ್ಥವಾಗುತ್ತಾರೆ. ಕೋಡಿ ಹೊಲದ ಈರಪ್ಪ ಯಾರು, ಹಿಟ್ಟಿನ ಗಿರಣಿ ಈರಪ್ಪ ಯಾರು ಎಂದು ಅಲ್ಲಿ ಅಫಿಡವಿಟ್ ಬೇಕಾಗುವುದಿಲ್ಲ.

ಮನುಷ್ಯ ಈ ಕೆಲಸ ಎಷ್ಟು ಸುಲಭವಾಗಿ ಮಾಡುತ್ತಾನೆಂದು ನೋಡಬೇಕಾದರೆ ಕಂಡಕ್ಟರನ್ನು ನೋಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳು ಕಾರ್ಡು ತೋರಿಸಿ ಶೂನ್ಯ ಟಿಕೆಟ್ ಪಡೆಯುತ್ತಾರೆ. ನಮ್ಮ ಕಡೆ ಕೆಲವರಲ್ಲಿ ಮದುವೆಯಲ್ಲಿ ಹೆಣ್ಣಿನ ಹೆಸರನ್ನೇ ಬದಲಿಸುವ ಪದ್ಧತಿಯಿದೆ. ಕಾರ್ಡಿನಲ್ಲಿರುವುದು ತವರಿನ ಹೆಸರು, ಜೊತೆಗೆ ಬಂದ ಅತ್ತೆ ಕೂಗುವುದು ಬೇರೆ ಹೆಸರು. ಕಂಡಕ್ಟರ್ ಒಮ್ಮೆ ಫೋಟೋ ನೋಡುತ್ತಾನೆ, ಒಮ್ಮೆ ಮುಖ ನೋಡುತ್ತಾನೆ, “ಯಾವೂರ್ ಯವ್ವಾ?” ಎಂದು ಕೇಳಿ ಟಿಕೆಟ್ ಹರಿದು ಕೊಡುತ್ತಾನೆ. ತುಂಬಿದ ಬಸ್ಸಿನಲ್ಲಿ, ಒಂಟಿಗಾಲಿನ ಮೇಲೆ ನಿಂತು.

ಹಳೆಯ ಕೈಬರಹದ ಉತಾರಗಳಲ್ಲಿ ಒಂದು ಶಬ್ದವಿರುತ್ತಿತ್ತು, ಉರ್ಫ್. ಮಲ್ಲಪ್ಪ ಉರ್ಫ್ ಮಲಕಪ್ಪ, ತಂದೆ ಶರಣಪ್ಪ. ದಕ್ಷಿಣದವರು ಯಾನೆ ಎನ್ನುತ್ತಾರೆ. ಬರೆದವನು ಎರಡು ಅಕ್ಷರದಲ್ಲಿ ಇಡೀ ತಂಟೆ ಬಗೆಹರಿಸಿದ್ದ. ಈ ಮನುಷ್ಯನಿಗೆ ಎರಡು ಹೆಸರಿದೆ, ಎರಡೂ ಇವನವೇ. ಹಳೆ ದಾಖಲೆಗಳಿಂದ ಆ ಶಬ್ದ ಕೆಲವೊಮ್ಮೆ ಕಂಪ್ಯೂಟರಿಗೂ ದಾಟಿಬಂದಿದೆ, ಆದರೆ ಹೊಸದಾಗಿ ತು೦ಬುವ ಬಹಳಷ್ಟು ಫಾರ್ಮುಗಳಲ್ಲಿ ಅದಕ್ಕೆ ಜಾಗವಿಲ್ಲ. ಒಬ್ಬ ಮನುಷ್ಯ, ಒಂದು ಹೆಸರು, ಮುಂದಿನ ಚೌಕಕ್ಕೆ ಹೋಗಿ. (ಹಿಂದಿನ ಸಾಲಿನ ‘ತು೦ಬುವ’ದಲ್ಲಿ ನಾನು ಬೇಕೆಂದೇ ಅಂಕಿ ಸೊನ್ನೆ ಇಟ್ಟಿದ್ದೇನೆ. ನಿಮಗೆ ಗೊತ್ತಾಯಿತೇ?)

ಬಸ್ಸಿನ ಆ ಹಿರಿಯರನ್ನು ಕಂಡು ಬಂದ ಮೇಲೆ ನಮ್ಮ ಆಫೀಸಿನ ಗ್ರಾಹಕರ ಪಟ್ಟಿಯಲ್ಲಿ ಇನ್ನೊಂದು ಕಾಲಂ ಸೇರಿಸಬೇಕೆಂದು ಹಟ ಹಿಡಿದೆ. ಒಬ್ಬರಿಗೆ ಎಷ್ಟು ಹೆಸರಿದ್ದರೂ ಎಲ್ಲವೂ ಅದರಲ್ಲಿ ಉಳಿಯಬೇಕು, ಯಾವುದರಿಂದ ಹುಡುಕಿದರೂ ಮನುಷ್ಯ ಸಿಗಬೇಕು. ಎರಡು ಮೀಟಿಂಗಿನಲ್ಲಿ ಬೇಡವೆಂದರು, ಮೂರನೆಯದರಲ್ಲಿ ದಣಿದು ಒಪ್ಪಿದರು. ಕಾಲಮಿಗೆ ಏನು ಹೆಸರು ಎಂಬ ಪ್ರಶ್ನೆ ಬಂತು. ಉರ್ಫ್ ಎಂದೇ ಇಡೋಣ, ನಮ್ಮ ಕಡೆಯ ಹಳೆಯ ಶಬ್ದ ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಪರಿಶೀಲಿಸಬೇಕಾದ ಚೆನ್ನೈನ ಹುಡುಗಿ ಅರ್ಧ ಗಂಟೆಯಲ್ಲಿ ಉತ್ತರ ಬರೆದಳು. ಎಲ್ಲ ಸರಿಯಿದೆಯಂತೆ, ಒಂದೇ ಅನುಮಾನವಂತೆ. ಕೊನೆಗೆ ಬರೀ ಎಫ್ ಸಾಕೇ, ಪಿ-ಎಚ್ ಬೇಕೇ?